ಹುಣ್ಣಿಮೆಗೆ ತಪ್ಪದ ಪೂಜೆ

೨೦೦೩ರಲ್ಲಿ, ಎಂಟನೇ ತರಗತಿಯ ನಡುವೆ, ನನ್ನ ಓದು ನಿಂತಿತು. ಯಾರೂ ಬಿಡಿಸಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮಗ್ಗ ಸುಮ್ಮನೆ ನಿಂತಿರುವುದನ್ನು ನೋಡಲಾಗದೆ ನಾನೇ ಹೋಗಿ ಸ್ವಿಚ್ ಹಾಕಿದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅದು ದೊಡ್ಡ ಸುದ್ದಿಯೇನಲ್ಲ. ಯಾರ ಮುಂದೆಯೂ ಕೈಯೊಡ್ಡದೆ ಆ ಒಂದು ಮಗ್ಗವನ್ನು ನಾಲ್ಕು ಮಾಡಿದೆ. ನಡುಮನೆಯಲ್ಲಿ ಊಟಕ್ಕೆ ಕೂತಿದ್ದರೂ ಯಾವ ಮಗ್ಗದ ಸದ್ದು ಬದಲಾಯಿತು ಎಂದು ನನಗೆ ಗೊತ್ತಾಗುತ್ತದೆ. ನನ್ನ ಮನೆಯಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂದೇ ನಂಬಿದ್ದೆ.

ಮದುವೆಯಾಗಿ ಎರಡು ವರ್ಷವಾದರೂ ಮಗುವಾಗಲಿಲ್ಲ. ಅಮ್ಮ ಹರಕೆ ಹೊತ್ತಳು: ವರ್ಷವಿಡೀ ಪ್ರತಿ ಹುಣ್ಣಿಮೆಗೂ ಸೊಸೆ ತಲೆಗೆ ನೀರು ಹಾಕಿಕೊಂಡು ಪೂಜೆ ಮಾಡಬೇಕು. ಮೊದಲು ದೇವರ ಗೂಡಿಗೆ ದೀಪ, ಆಮೇಲೆ ಮಗ್ಗದ ಮನೆಗೆ ದೀಪ. ಒಂದು ತಪ್ಪಿದರೂ ಮೊದಲಿನಿಂದ ಶುರು. ನಮ್ಮ ಮನೆಯಲ್ಲಿ ಹೊರಗಾದ ಹೆಂಗಸರು ಮಗ್ಗದ ಮನೆಯ ಹೊಸಿಲು ದಾಟುವುದಿಲ್ಲ. ಮಗ್ಗವೂ ನಮಗೆ ದೇವರೇ.

ಆಶ್ಚರ್ಯವೆಂದರೆ, ನನ್ನ ಹೆಂಡತಿ ಒಂದು ಹುಣ್ಣಿಮೆಗೂ ಹೊರಗಾಗಲಿಲ್ಲ. ವರ್ಷ ಮುಗಿಯಿತು, ಮಗುವಾಗಲಿಲ್ಲ; ಅಮ್ಮ ಹರಕೆಯನ್ನು ಮುಂದುವರಿಸಿದಳು. ಆಗಲೂ ತಪ್ಪಲಿಲ್ಲ. ನನಗೆ ಒಳಗೊಳಗೇ ಹೆಮ್ಮೆ. ಟೀ ಅಂಗಡಿಯಲ್ಲಿ ಪಕ್ಕದ ಮನೆಯ ಗೆಳೆಯನಿಗೆ ಹೇಳಿಕೊಂಡೆ, "ಒಂದು ಪೂಜೆನೂ ತಪ್ಪಿಲ್ಲ ಕಣೋ. ದೇವರೇ ದಾರಿ ಬಿಡ್ತಾ ಇದ್ದಾನೆ."

"ದಾರಿ ಬಿಟ್ಟಿದ್ದು ಸಾಕು ಗುರು, ಆ ದಾರೀಲಿ ಒಂದು ಮಗೂನ ಕಳಿಸೋಕೆ ಹೇಳು," ಎಂದು ಅವನು ನಕ್ಕ. ನಾನೂ ನಕ್ಕೆ.

ಮಾರನೆಯ ವರ್ಷ ಅವಳು ಸೊರಗಿದಳು. ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾ ಕೂತವಳು ತಲೆ ಸುತ್ತಿ ಗೋಡೆಗೆ ಒರಗಿದಳು. ಅಮ್ಮನಿಗೂ ಹೇಳದೆ ಹೆಂಗಸರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರೂ ಹೆಂಗಸೇ, ವಯಸ್ಸಾದವರು. ಮೊದಲನೆಯ ಪ್ರಶ್ನೆಯೇ, "ಕೊನೇ ಸಲ ಮುಟ್ಟಾಗಿದ್ದು ಯಾವತ್ತಮ್ಮ?"

ಅವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. "ಹುಣ್ಣಿಮೆ ಆದ್ಮೇಲೆ ಮೇಡಂ."

"ಅದರ ಹಿಂದಿನ ಸಲ?"

"ಅದೂ ಹುಣ್ಣಿಮೆ ಆದ್ಮೇಲೇನೇ."

"ಏನಮ್ಮ, ಚಂದ್ರನ್ನ ಕೇಳ್ಕೊಂಡು ಬರುತ್ತಾ ನಿನಗೆ?" ಎಂದು ಡಾಕ್ಟರು ನಕ್ಕರು. ಅವಳು ನಗಲಿಲ್ಲ. ಪರ್ಸಿನಿಂದ ಅರ್ಧ ಖಾಲಿಯಾದ ಒಂದು ಮಾತ್ರೆ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಅಂಥ ಪಟ್ಟಿಯನ್ನು ನಾನು ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಹಿಂದೆ, ಎಷ್ಟೋ ಸಲ ನೋಡಿದ್ದೆ.

"ಅದು ತಲೆನೋವಿಂದು ಮೇಡಂ," ಎಂದೆ, ಗೊತ್ತಿದ್ದವನ ಹಾಗೆ.

"ಅಲ್ಲಪ್ಪ. ಮುಟ್ಟು ಮುಂದಕ್ಕೆ ಹಾಕೋ ಮಾತ್ರೆ."

ಕಿವಿಯಲ್ಲಿ ನಾಲ್ಕೂ ಮಗ್ಗಗಳು ಒಮ್ಮೆಗೇ ನಿಂತ ಹಾಗಾಯಿತು.

ಅವಳು ಮೆಲ್ಲಗೆ ಹೇಳಿದಳು. ಮೊದಮೊದಲು ಹುಣ್ಣಿಮೆ ಹತ್ತಿರ ಬಂದಾಗ ಮಾತ್ರ. ಆಮೇಲೆ ತಿಂಗಳ ಮಧ್ಯೆ ಮಧ್ಯೆ ಕಲೆ ಕಾಣಿಸತೊಡಗಿತು. ಹೆದರಿಕೆಯಾಗಿ ಅಮಾವಾಸ್ಯೆಗೂ ನುಂಗಿದಳು, ಹಬ್ಬಗಳಿಗೂ ನುಂಗಿದಳು. ತಂದುಕೊಡುತ್ತಿದ್ದುದು ನನ್ನ ಅಮ್ಮ.

ಡಾಕ್ಟರು ನಗು ಬಿಟ್ಟು ನನ್ನ ಕಡೆ ತಿರುಗಿದರು. "ನೋಡಪ್ಪ, ತಲೆಯಿಂದ ಒಂದು ಹಾರ್ಮೋನ್ ಬಂದು ಮೊಟ್ಟೆ ಬಿಡು ಅಂತ ಹೇಳುತ್ತೆ. ಮೊಟ್ಟೆ ಬಿಟ್ಟಾದ್ಮೇಲೆ ಇನ್ನೊಂದು ಹಾರ್ಮೋನ್ ಗರ್ಭಕೋಶದ ಒಳಪದರಾನ ಹಿಡಿದಿಟ್ಟಿರುತ್ತೆ. ಮಗು ನಿಲ್ಲಲಿಲ್ಲ ಅಂದ್ರೆ ಅದು ಇಳಿಯುತ್ತೆ, ಮುಟ್ಟಾಗುತ್ತೆ. ಈ ಮಾತ್ರೆ ಆ ಎರಡನೇ ಹಾರ್ಮೋನಿನ ಥರದ್ದೇ. ಮೊಟ್ಟೆ ಬಿಡೋ ಮುಂಚೇನೇ ಹೊರಗಿಂದ ನುಂಗಿದ್ರೆ, ಕೆಲಸ ಆಗೋಗಿದೆ ಅಂದ್ಕೊಂಡು ತಲೆ ಸುಮ್ಮನಾಗುತ್ತೆ. ಮೊಟ್ಟೆನೇ ಬಿಡದೆ ಮಗು ಎಲ್ಲಿಂದ ಬರಬೇಕು?"

ನಾನು ಕೇಳಿದೆ, "ಅಂದ್ರೆ ಮಗು ಆಗ್ಲಿ ಅಂತ ಮಾಡಿದ ಪೂಜೆಗೆ..."

"ಪೂಜೆಗೆ ನಾನೇನೂ ಹೇಳಲ್ಲ. ಮಾತ್ರೆಗೆ ಹೇಳ್ತೀನಿ. ಯಾವಾಗಲೋ ಒಂದ್ಸಲ, ಡಾಕ್ಟರ್ ಹೇಳಿ ತಗೊಂಡ್ರೆ ಬೇರೆ ಮಾತು. ಇಷ್ಟೊಂದಾ? ಇದೊಂದೇ ಕಾರಣ ಅಂತಾನೂ ಅಲ್ಲ. ಥೈರಾಯ್ಡ್ ನೋಡೋಣ. ನಿಮ್ಮದೂ ಟೆಸ್ಟ್ ಆಗ್ಬೇಕು."

ನನ್ನದೂ! ಬೇರೆ ದಿನವಾಗಿದ್ದರೆ ಎದ್ದು ಬರುತ್ತಿದ್ದೆನೇನೋ. ಅವತ್ತು ಟೆಸ್ಟಿಗೆ ಕೊಟ್ಟು ಬಂದೆ. ಆಮೇಲೆ ರಿಪೋರ್ಟ್ ಬಂದಾಗ ನನ್ನದು ಸರಿಯಿತ್ತು, ಅವಳ ಥೈರಾಯ್ಡೂ ಸರಿಯಿತ್ತು.

ಅವತ್ತು ಮನೆಗೆ ಬರುವ ದಾರಿಯಲ್ಲಿ ಸಿಟ್ಟು ತಡೆಯದೆ ನಮ್ಮ ಬೀದಿಯ ಮೆಡಿಕಲ್ ಸ್ಟೋರಿಗೆ ನುಗ್ಗಿದೆ. ಅಂಗಡಿಯವನು ನಾನು ಕೂಗಾಡಿದ್ದನ್ನೆಲ್ಲ ಕೇಳಿಸಿಕೊಂಡು, "ನಿಮ್ಮ ತಾಯಿಗೆ ಮಾತ್ರ ಕೊಟ್ನಾ ಗುರು? ಗೌರಿ ಹಬ್ಬದ ಹಿಂದಿನ ವಾರ ಬಂದು ನೋಡು. ಶಿವಗಂಗೆಗೆ ಹೊರಡೋರು, ಗೃಹಪ್ರವೇಶ ಇಟ್ಕೊಂಡೋರು, ಎಲ್ಲರ ಮನೆ ಹೆಂಗಸರೂ ಇಲ್ಲೇ ನಿಂತಿರ್ತಾರೆ," ಎಂದ. ಇಡೀ ಬೀದಿಗೆ ಗೊತ್ತಿದ್ದದ್ದು ಬೀದಿಯ ಗಂಡಸರಿಗೆ ಮಾತ್ರ ಗೊತ್ತಿರಲಿಲ್ಲ.

ಅಮ್ಮ ಕೇಳಿದವಳೇ ನೆಲಕ್ಕೆ ಕೂತುಬಿಟ್ಟಳು. "ಅಯ್ಯೋ, ನನ್ನ ಕೈಯಾರೆ ಕೊಟ್ನಲ್ಲೋ. ನೀರಿನ ಲೋಟಾನೂ ನಾನೇ ಹಿಡ್ಕೊಂಡು ನಿಂತಿರ್ತಿದ್ದೆ ಕಣಪ್ಪ." ಅವಳನ್ನು ಬೈಯಬೇಕೆಂದೇ ಬಂದವನು ನಾನು. ಬೈಯಲಾಗಲಿಲ್ಲ.

ಮಾತ್ರೆ ನಿಂತಿತು, ಪೂಜೆ ನಿಲ್ಲಲಿಲ್ಲ. ಕೆಲವು ತಿಂಗಳು ಮುಟ್ಟು ಹಿಂದೆ ಮುಂದೆ ಆಗುತ್ತಿತ್ತು. ಒಂದು ತಿಂಗಳು ಬರಲೇ ಇಲ್ಲ. ಅಮ್ಮನ ಮುಖದಲ್ಲಿ ಆಸೆ ಕಂಡಿತು. ಪರೀಕ್ಷೆ ಮಾಡಿದರೆ ಅದೂ ಸುಳ್ಳು. ಆಮೇಲೆ ಒಂದು ಹುಣ್ಣಿಮೆಯ ಬೆಳಿಗ್ಗೆ ಹೆಂಡತಿ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಏನೆಂದು ಹೇಳಬೇಕಾಗಿರಲಿಲ್ಲ. ಹರಕೆ ಮುರಿಯಿತು ಅಂದುಕೊಂಡೆ.

ಅಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಳು. "ಬಂತೇನಮ್ಮ?"

"ಹೂಂ ಅತ್ತೆ."

"ಸರಿಯಾದ ಹೊತ್ತಿಗೇ ಬಂತಾ? ತಾನಾಗೇ?"

"ಹೋದ ತಿಂಗಳೂ ಹೀಗೇ ಬಂದಿತ್ತು."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಏಳು. ತಲೆಗೆ ನೀರು ಹಾಕ್ಕೊಂಡು ಬಾ. ದೀಪ ಹಚ್ಚು."

ನಾನು ಬೆಚ್ಚಿದೆ. "ಅಮ್ಮಾ, ಮಗ್ಗದ ಮನೆಗೂನಾ?"

"ನೀನು ಸುಮ್ನಿರ್ಲಾ. ನಾವು ಮಗು ಕೇಳ್ತಿರೋದು ಇವಳ ಹೊಟ್ಟೇಲಿ. ಆ ಹೊಟ್ಟೆ ಸರಿಹೋಯ್ತು ಅಂತ ದೇವರಿಗೆ ಮೈಲಿಗೆ ಆದ್ರೆ, ಬರ್ಲಿ, ನನ್ನ ಹತ್ರ ಮಾತಾಡ್ಲಿ."

ಹೆಂಡತಿ ಒದ್ದೆ ತಲೆಯಲ್ಲಿ ದೀಪ ಹಿಡಿದು ಮಗ್ಗದ ಮನೆಯ ಹೊಸಿಲ ಹತ್ತಿರ ನಿಂತಳು. ದಾಟಲು ಅವಳಿಗೇ ಭಯ. ಅಮ್ಮ ಹಿಂದಿನಿಂದ ಬೆನ್ನ ಮೇಲೆ ಕೈಯಿಟ್ಟಳು. ದಾಟಿದಳು. ನಾನು ಸ್ವಿಚ್ ಹಾಕಿದೆ, ಮಗ್ಗಗಳು ಎಂದಿನಂತೆಯೇ ಓಡಿದವು.

ಈಗ ನನ್ನಲ್ಲಿರುವುದು ಇಷ್ಟು: ನಾಲ್ಕು ಮಗ್ಗ, ಒಂದು ಸ್ವಂತ ಮನೆ, ಒಂದು ಹಳೆಯ ಸ್ಕೂಟರ್, ಒಬ್ಬಳು ತಾಯಿ, ಒಬ್ಬಳು ಹೆಂಡತಿ, ತಿಂಗಳಿಗೊಮ್ಮೆ ತಾನಾಗಿಯೇ ಬರುವ ಅವಳ ಮುಟ್ಟು. ಮಗು ಇನ್ನೂ ಇಲ್ಲ.