ಗುಳ್ಳೆ ಮಾಮನ ಜಾಡಿಗಳಲ್ಲಿ ಫ್ಯಾನಿಲ್ಲ

‘ಇನ್ಮೇಲೆ ಜಾಡಿಯೊಳಗೆ ಫ್ಯಾನ್ ಇಳಿಸಲ್ಲ ಪುಟ್ಟಿ, ಆಯ್ತಾ?’

ಹದಿನೇಳು ವರ್ಷಗಳ ಹಿಂದೆ, ಒಂದು ಬೆಳಗಿನ ಆರು ಗಂಟೆಗೆ, ಅಡುಗೆಮನೆಯ ಕಟ್ಟೆಯ ಮುಂದೆ ನಿಂತು ಅಪ್ಪ ಆರು ವರ್ಷದ ಮಗಳಿಗೆ ಕೊಟ್ಟ ಮಾತಿದು. ಕಟ್ಟೆಯ ಮೇಲಿದ್ದ ಗಾಜಿನ ಜಾಡಿಯ ಉಪ್ಪುನೀರು ಹಾಲಿನಂತೆ ಬೆಳ್ಳಗಾಗಿತ್ತು. ಅದರಲ್ಲಿ ಕಡಲಹೂವೊಂದಿತ್ತು. ಹೆಸರಿಗೆ ಹೂವು, ಅಸಲಿಗೆ ಮೆತ್ತನೆಯ ಪ್ರಾಣಿ. ರಾತ್ರಿ ಜಾಗ ಬದಲಿಸಲು ಹೊರಟದ್ದು, ನೀರು ತಿರುಗಿಸಲು ಇಟ್ಟಿದ್ದ ಬೆರಳುದ್ದದ ಫ್ಯಾನಿಗೆ ಸಿಕ್ಕಿ ಚಿಂದಿಯಾಗಿತ್ತು.

ಮಾತು ಕೊಟ್ಟಾತನ ಕಸುಬೇ ಫ್ಯಾನಿನದು. ಹಗಲೆಲ್ಲ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ‘ಊರವರ ಮನೆ ಫ್ಯಾನೆಲ್ಲ ತಿರುಗ್ಸಿ ಬಂದು, ನಮ್ಮನೇಲಿ ಅದರ ಮೇಲೆ ಮುನಿಸ್ಕೊಂಡ್ರು’ ಎಂದು ಹೆಂಡತಿ ಈಗಲೂ ಕಾಲೆಳೆಯುತ್ತಾರೆ.

ಇವತ್ತು ಶನಿವಾರ, ಬೆಳಗಿನ ಐದೂವರೆ. ಹಲ್ಲಿನ ಆಸ್ಪತ್ರೆಯ ಬೀಗ ತೆಗೆದು ಒಳಬರುವ ಆ ಮನುಷ್ಯನಿಗೀಗ ಐವತ್ತೆಂಟು. ಊರಿನ ಅಲ್ಲಲ್ಲಿ ಇಟ್ಟ ಕಡಲಜೀವಿಗಳ ಜಾಡಿಗಳನ್ನು ನೋಡಿಕೊಳ್ಳುವ ಇವರು ಎಲ್ಲರ ಬಾಯಲ್ಲೂ ಗುಳ್ಳೆ ಮಾಮ. ರೋಗಿಗಳು ಕಾಯುವ ಕೋಣೆಯ ಗೋಡೆಯುದ್ದಕ್ಕೂ ಐದು ಜಾಡಿಗಳು; ದೊಡ್ಡದೆಂದರೆ ಒಂಬತ್ತು ಲೀಟರಿನದು. ಮಾಮ ದೀಪ ಹಾಕುವುದಿಲ್ಲ. ಮಂಡಿಯೂರಿ, ನಡುವಿನ ಜಾಡಿಗೆ ಕಿವಿ ಹಚ್ಚುತ್ತಾರೆ. ಗುಳುಕ್. ಮುಖ ಸಪ್ಪಗಾಗುತ್ತದೆ.

ವಾರದ ಹಿಂದೆ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ. ‘ಮಾಮ, ಬಾಯಿ ತೆಗೆದು ಕೂತವರಿಗೆ ಈ ಗುಳುಗುಳು ಕೇಳಿದ್ರೆ ಉಗಿಯೋ ಹಾಗಾಗುತ್ತೆ. ಶನಿವಾರದೊಳಗೆ ಸದ್ದು ನಿಲ್ಲಿಸಿ. ಇಲ್ಲದಿದ್ರೆ ಬೇರೆಯವರನ್ನ ಕರೆಸಿ ಐದಕ್ಕೂ ಸಣ್ಣ ಫ್ಯಾನ್ ಹಾಕಿಸ್ತೀನಿ.’ ನಡುವಿನ ಜಾಡಿಯಲ್ಲಿರುವುದು ಕಡಲಹೂವು. ‘ಅದಕ್ಕೆ ರಾತ್ರಿಯಾದ್ರೆ ಕಾಲು ತುರಿಸುತ್ತೆ. ಎಲ್ಲಿಗೆ ಹೋಗುತ್ತೋ ಏನ್ ಹೇಳೋಣ’ ಎನ್ನುತ್ತಾರೆ ಮಾಮ.

ಇಷ್ಟಕ್ಕೂ ನೀರು ಯಾಕೆ ಹರಿಯಬೇಕು? ಹವಳ, ಕಡಲಹೂವುಗಳದು ಹೆಚ್ಚುಕಮ್ಮಿ ಕೂತಲ್ಲೇ ಬಾಳುವೆ. ಉಣ್ಣುವುದನ್ನು ತರುವುದೂ ನೀರೇ, ಕೊಳೆ ಒಯ್ಯುವುದೂ ನೀರೇ. ಮಾಮನ ಉಪಾಯ ಸರಳ. ಜಾಡಿಯ ಮೂಲೆಯಲ್ಲಿ ಹೆಬ್ಬೆರಳು ದಪ್ಪದ ಪಾರದರ್ಶಕ ಕೊಳವೆ. ಅದರ ಬುಡಕ್ಕೆ ಸಣ್ಣ ನಳಿಕೆಯಿಂದ ಗಾಳಿ. ಗುಳ್ಳೆ ಮೇಲೇರುವಾಗ ನೀರನ್ನೂ ಎಳೆದುಕೊಂಡು ಏರುತ್ತದೆ, ಆ ನೀರು ಮೇಲಿನ ಬಾಯಿಂದ ಹೊರಬಿದ್ದು ಜಾಡಿಯನ್ನೆಲ್ಲ ಸುತ್ತಿ ಬರುತ್ತದೆ. ತಿರುಗುವ ಅಲಗಿಲ್ಲ, ಸಿಕ್ಕಿಕೊಳ್ಳುವ ಭಯವಿಲ್ಲ.

ಹೇಳಲು ಸರಳ. ಕಲಿಯುವಾಗ ಮಾಮ ಮಾಡಿಕೊಂಡ ಎಡವಟ್ಟುಗಳಿಗೆ ಲೆಕ್ಕವಿಲ್ಲ. ‘ಗುಳ್ಳೆ ಜಾಸ್ತಿಯಾದ್ರೆ ನೀರೂ ಜಾಸ್ತಿ ಓಡುತ್ತೆ ಅಂದ್ಕೊಂಡು, ಗಾಳೀನ ನುಣ್ಣಗೆ ಒಡೆಯೋ ಗಾಳಿಕಲ್ಲು ಹಾಕ್ದೆ. ಸಾಸಿವೆಗಿಂತ ಸಣ್ಣ ಗುಳ್ಳೆ, ಸಾವಿರಗಟ್ಟಲೆ. ಅವು ಒಡೆದು ಉಪ್ಪೆಲ್ಲ ಗಾಳಿಗೆ ಹಾರಿ, ಗೋಡೆ, ಸ್ವಿಚ್ಚು, ಕೊನೆಗೆ ನಮ್ಮವಳ ಕನ್ನಡಕಕ್ಕೂ ಬೆಳ್ಳಗೆ ಹಕ್ಕಳೆ ಕಟ್ತು.’ ಇನ್ನೊಂದು ಸಲ, ನೀರು ಇಳಿಯಿತೆಂದು ದಿನಾ ಉಪ್ಪುನೀರನ್ನೇ ಸುರಿದರಂತೆ. ‘ಆರೋದು ಬರೀ ನೀರು, ಉಪ್ಪು ಅಲ್ಲೇ ಕೂತಿರುತ್ತೆ ಅನ್ನೋದು ತಲೆಗೆ ಹೋಗೋಷ್ಟರಲ್ಲಿ ಎರಡು ಸೀಗಡಿ ಹೋದ್ವು ಪಾಪ.’ ಅದಕ್ಕೇ ಈಗ ಪ್ರತಿ ಜಾಡಿಗೂ ಮಗಳ ಉಗುರುಬಣ್ಣದ ಕೆಂಪು ಗೆರೆ. ಗೆರೆ ಮುಟ್ಟುವವರೆಗೆ ದಿನಾ ಅರ್ಧ ಲೋಟ ಸಿಹಿನೀರು. ಒಂಬತ್ತು ಕಡೆ, ಹದಿನಾಲ್ಕು ಜಾಡಿ, ಎಲ್ಲಕ್ಕೂ ಸೈಕಲ್ಲಿನಲ್ಲೇ ಓಡಾಟ. ಎಂಟು ಗಂಟೆಗೆ ಮತ್ತೆ ತಾಮ್ರದ ತಂತಿ.

ಮಗಳಿಗೀಗ ಇಪ್ಪತ್ತಮೂರು, ಕನ್ನಡಕದಂಗಡಿಯಲ್ಲಿ ಗಾಜು ಕತ್ತರಿಸುವ ಕೆಲಸ. ನಾಲ್ಕು ದಿನದಿಂದ ಅಪ್ಪ ಪೇಚಾಡುವುದನ್ನು ನೋಡಲಾರದೆ ಗುರುವಾರ ಊಟದ ಹೊತ್ತಿಗೆ ಅಂದಳಂತೆ:

‘ಅಪ್ಪಾ, ಜಾಲರಿ ಕಟ್ಟಿ ಫ್ಯಾನ್ ಹಾಕ್ಬಿಡು. ನನಗೆ ಕೊಟ್ಟ ಮಾತು ತಾನೆ? ವಾಪಸ್ ಕೊಟ್ಟೆ, ತಗೋ.’

‘ನಿನಗೆಲ್ಲಿ ಕೊಟ್ಟೆ? ನಾನು ಕೊಟ್ಟಿದ್ದು ಆರು ವರ್ಷದವಳಿಗೆ. ಅವಳು ಬಂದು ಹೇಳ್ಲಿ, ಹಾಕ್ತೀನಿ.’

‘ಅವಳೆಲ್ಲಿಂದ ಬರ್ತಾಳೆ?’

‘ಅದಕ್ಕೇ ಹೇಳಿದ್ದು.’

ಮಕ್ಕಳಿಗೆ ಕೊಟ್ಟ ಮಾತು ಸಂಜೆಯೊಳಗೆ ಮರೆಯುವವರೇ ನಾವೆಲ್ಲ. ಮಗಳು ತಟ್ಟೆ ತೊಳೆದಿಟ್ಟು, ಅಂಗಡಿಯಿಂದ ತಂದ, ಅಂಚು ಉಜ್ಜುವ ಸಣ್ಣ ಅರವನ್ನು ಅಪ್ಪನ ಪಕ್ಕ ಇಟ್ಟು ಮಲಗಲು ಹೋದಳು.

ಆ ಅರ ಈಗ ಮಾಮನ ಅಂಗಿಜೇಬಿನಲ್ಲಿದೆ. ಅರ್ಧ ಸದ್ದು ಗಾಳಿಪಂಪಿನದೆಂದು ಶುಕ್ರವಾರವೇ ಪತ್ತೆಯಾಗಿತ್ತು. ಕಪಾಟಿಗೆ ಅಂಟಿ ಕೂತು ಗುಂಯ್‌ಗುಡುತ್ತಿತ್ತು. ಅದನ್ನು ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಗೋಡೆಗೆ ತೂಗುಹಾಕಿದ್ದಾರೆ, ನೀರಿನ ಮಟ್ಟಕ್ಕಿಂತ ಮೇಲೆ. ಕರೆಂಟು ಹೋದರೂ ನೀರು ಅದಕ್ಕೆ ಹಿಂದಿರುಗುವುದಿಲ್ಲ. ಉಳಿದದ್ದು ಗುಳ್ಳೆ ಒಡೆಯುವ ಸದ್ದು. ಕೊಳವೆಯ ಬಾಯಿಯನ್ನು ಓರೆಯಾಗಿ ಉಜ್ಜಿದ ಮೇಲೆ ನಾಲ್ಕು ಜಾಡಿ ಮೌನವಾಗಿವೆ, ನಡುವಿನದು ಒಪ್ಪುತ್ತಿಲ್ಲ. ಕೊಳವೆಯನ್ನು ಎತ್ತುತ್ತಾರೆ, ಅದರ ಬಾಯಿಯನ್ನು ಇನ್ನಷ್ಟು ಓರೆಯಾಗಿ ಅರದಿಂದ ಉಜ್ಜುತ್ತಾರೆ, ತೊಳೆದು, ಬಾಯಿ ಅರ್ಧ ಮುಳುಗುವಂತೆ ಇಳಿಸುತ್ತಾರೆ. ಗಾಳಿಯ ತಿರುಪನ್ನು ಕೂದಲೆಳೆಯಷ್ಟು ಬಿಗಿಮಾಡುತ್ತಾರೆ. ಗುಳ್ಳೆಗಳು ಒಂದರ ಹಿಂದೊಂದು ಬಂದು, ಓರೆಯ ಅಂಚಿನ ಮೇಲೆ ಜಾರಿ, ಸುಮ್ಮನೆ ಮಾಯವಾಗತೊಡಗುತ್ತವೆ. ‘ಹೀಗೆ ಬಾ ದಾರಿಗೆ’ ಎಂದು ಮಾಮ ಜಾಡಿಗೆ ಹೇಳುತ್ತಾರೆ.

ಎಂಟೂವರೆಗೆ ಡಾಕ್ಟರಮ್ಮ ಬರುತ್ತಾರೆ. ಇವತ್ತು ಮಾಮನ ತಂತಿ ಸುತ್ತುವ ಅಂಗಡಿ ತಡವಾಗಿಯೇ ತೆರೆಯಲಿದೆ. ಡಾಕ್ಟರಮ್ಮ ಚೀಲ ಕೆಳಗಿಡದೆ ಒಂದು ನಿಮಿಷ ನಿಂತು ಆಲಿಸುತ್ತಾರೆ.

‘ಆಫ್ ಮಾಡ್ಬಿಟ್ರಾ ಮಾಮ?’

‘ಇಲ್ಲಮ್ಮ. ಬಗ್ಗಿ ನೋಡಿ.’

ಅವರು ಬಗ್ಗುತ್ತಾರೆ. ಕಡಲಹೂವಿನ ಎಳೆಗಳೆಲ್ಲ ಒಂದೇ ಕಡೆಗೆ ಮೆಲ್ಲಗೆ ತೂಗುತ್ತಿವೆ.

‘ಸರಿ ಬಿಡಿ, ಇದೇ ಇರಲಿ’ ಎಂದು ಡಾಕ್ಟರಮ್ಮ ಒಳಗೆ ಹೋಗುತ್ತಾರೆ.

ಮಾಮ ಲೋಟ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದರೆ ಅರವನ್ನು ತೋರಿಸುತ್ತಾರೆ. ‘ಇದನ್ನ ವಾಪಸ್ ಕೊಡ್ಬೇಕು. ಅಂಗಡೀಲಿ ಕೇಳ್ತಾರಂತೆ.’

ಹದಿನೇಳು ವರ್ಷ, ಹದಿನಾಲ್ಕು ಜಾಡಿ. ಒಂದರೊಳಗೂ ಫ್ಯಾನ್ ಇಳಿದಿಲ್ಲ.