ಪೊರಕೆಗೆ ಕಟ್ಟಿದ ಗೂಡು

ಹಾಸ್ಟೆಲಿನ ಕಡ್ಡಿಪೊರಕೆಗಳಲ್ಲಿ ರೇಷ್ಮೆ ಗೂಡು ಬೆಳೆದದ್ದನ್ನು ಪರೀಕ್ಷೆಯಲ್ಲಿ ಬರೆದಿದ್ದರೆ ನಾನು ನಪಾಸಾಗುತ್ತಿದ್ದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ.

ಚಿಂತಾಮಣಿ ಹತ್ತಿರ ರೇಷ್ಮೆ ಕೃಷಿ ಓದುತ್ತಿದ್ದ ಕಾಲ. ಲಾಕ್‌ಡೌನ್ ಅಂದದ್ದೇ ಎಲ್ಲರೂ ಊರಿಗೆ ಓಡಿದರು. ಹುಳು ಸಾಕುವ ಸರದಿ ನಮ್ಮದಾಗಿದ್ದರಿಂದ ಒಂದೇ ರೂಮಿನ ನಾವು ಮೂವರು ಉಳಿದೆವು. ಅಷ್ಟರಲ್ಲಿ ಕ್ಯಾಂಪಸ್ಸಿನಲ್ಲಿ ಯಾರಿಗೋ ಕೊರೊನಾ ಬಂದು ಗೇಟಿಗೆ ಬೀಗ ಬಿತ್ತು. ನನ್ನೂರು ಶಿಡ್ಲಘಟ್ಟ, ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ. ಅದೇ ಆಗ ಕಾಶಿಯಾಯಿತು. ಹುಳುಮನೆಯೂ ಸೀಲ್‌ಡೌನ್ ಆದ್ದರಿಂದ ವಾರ್ಡನ್ ಮೇಡಂ ಕಾಲಿಗೊಂದು ಬಿದ್ದಿಲ್ಲ ಅಷ್ಟೆ, ಬೇಡಿಕೊಂಡು ಹುಳುವಿನ ತಟ್ಟೆಗಳನ್ನು ಹಾಸ್ಟೆಲಿನ ಟಿವಿ ಹಾಲಿಗೆ ಸಾಗಿಸಿದೆವು.

ಮೂವರಲ್ಲಿ ಒಬ್ಬಳು ತೊಂಡೇಬಾವಿಯವಳು. ಮೊದಮೊದಲು ನಮ್ಮಿಬ್ಬರಿಗಿಂತ ಜೋರಾಗಿ ಕುಣಿದವಳು ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಊಟ ಬಿಟ್ಟಳು, ಮಾತು ಬಿಟ್ಟಳು. ಅವಳಮ್ಮ ಫೋನ್ ಮಾಡಿ "ಊಟ ಆಯ್ತೇನಮ್ಮ?" ಎಂದಾಗ ಮಾತ್ರ "ಆಯ್ತಮ್ಮ, ಚೆನ್ನಾಗಿದೀನಿ" ಅನ್ನುವಳು. ಪಕ್ಕದಲ್ಲೇ ಮುದ್ದೆ ಒಣಗಿ ಕಲ್ಲಾಗಿರುತ್ತಿತ್ತು. ಹೀಗೇ ಬಿಟ್ಟರೆ ಇವಳು ನಮ್ಮ ಕೈತಪ್ಪಿ ಹೋಗುತ್ತಾಳೆಂದು ನನಗೆ ಹೆದರಿಕೆಯಾಗುತ್ತಿತ್ತು.

ನಮಗೆ ಗೊತ್ತಿದ್ದ ವೈದ್ಯವೆಲ್ಲ ಹುಳುವಿನದು. ಪೊರೆ ಬಿಡುವ ಮುಂಚೆ ರೇಷ್ಮೆಹುಳು ಮೇವು ಬಿಟ್ಟು ಅಲ್ಲಾಡದೆ ಕೂರುತ್ತದೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಎದ್ದ ಮೇಲೆ ತಾನೇ ತಿನ್ನುತ್ತದೆ.

"ಇವಳೂ ಹಂಗೇ ಕಣೇ, ಡಿಸ್ಟರ್ಬ್ ಮಾಡ್ಬಾರ್ದು" ಎಂದಳು ನಮ್ಮಲ್ಲಿ ಮೂರನೆಯವಳು, ಚಿಂತಾಮಣಿಯ ಗೆಳತಿ.

ಸರಿ, ಕಿಟಕಿಗೆ ದುಪಟ್ಟಾ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ಓಡಾಡಿದೆವು. ಹುಳುಗಳು ಎದ್ದವು, ಇವಳು ಏಳಲಿಲ್ಲ.

ಎದ್ದ ಹುಳುಗಳು ಗಬಗಬ ತಿಂದು, ಒಂದು ದಿನ ಎಲ್ಲ ಒಟ್ಟಿಗೆ ಹಣ್ಣಾದವು. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆಗಳೆಲ್ಲ ಹುಳುಮನೆಯ ಬೀಗದೊಳಗೆ! ಬೆಳಿಗ್ಗೆ ನೋಡಿದರೆ ತಟ್ಟೆಗಳು ಅರ್ಧ ಖಾಲಿ. ಶೂ ಒಳಗೆ ಒಂದು, ಬ್ರಷ್ಷಿನ ಮಗ್ಗಿನಲ್ಲಿ ಒಂದು, ಟಿವಿ ಹಿಂದೆ ದೊಡ್ಡ ಸಂಸಾರ.

"ಅಯ್ಯೋ ದೇವುಡಾ!" ಎಂದು ಚಿಂತಾಮಣಿಯವಳು ತಲೆ ಮೇಲೆ ಕೈಹೊತ್ತಳು. ಅಷ್ಟರಲ್ಲಿ ನಮ್ಮ ರೂಮಿನಿಂದ ಕಿರುಚಾಟ ಕೇಳಿಸಿತು.

ಓಡಿಹೋದೆವು. ತೊಂಡೇಬಾವಿಯವಳು ಹಾಸಿಗೆ ಮೇಲೆ ಎದ್ದು ನಿಂತಿದ್ದಳು. ಅವಳ ಜಡೆಯಲ್ಲಿ ಹುಳುವೊಂದು ನೂಲು ಬಿಡುತ್ತಿತ್ತು.

"ಹಣ್ಣಾಗಿರೋ ಹುಳಾನ ಹಿಂಗಾ ಬಿಡೋದು? ಬುದ್ಧಿ ಐತಾ ನಿಮ್ಗೆ? ಚಂದ್ರಿಕೆ ಇಲ್ದಿದ್ರೆ ಪೊರಕೆ ತನ್ರೇ, ಇರೋವೆಲ್ಲಾ ತನ್ನಿ!"

ಬೈಗುಳ ಅಷ್ಟು ಸಿಹಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಪೊರಕೆಗಳನ್ನು ತೊಳೆದು, ಒರೆಸಿ, ಕಡ್ಡಿ ಬಿಡಿಸಿ ಕಿಟಕಿ ಸರಳಿಗೆ ತೂಗುಹಾಕಿದೆವು. ಅವಳು ಜಡೆಯನ್ನು ಅಲ್ಲಾಡಿಸದೆ, ಮದುವೆ ಮನೆಯ ಯಜಮಾನಿ ಹಾಗೆ ಅಪ್ಪಣೆ ಕೊಡುತ್ತ ಹುಳು ಆರಿಸಿ ಬಿಟ್ಟಳು. ಗಲಾಟೆ ಕೇಳಿ ಬಂದ ವಾರ್ಡನ್ ಮೇಡಂ ಹಾಲಿನ ಮೊಳೆಗೆ ನೇತುಹಾಕಿದ್ದ ಮಾಸ್ಕಿಗೆ ಕೈಹಾಕಿದಾಗ, "ಮುಟ್ಬೇಡಿ ಮೇಡಂ, ಒಳಗೆ ಗೂಡು ಕಟ್ತಾ ಐತೆ!" ಎಂದು ಅವಳೇ ತಡೆದಳು.

"ನನ್ನ ಮಾಸ್ಕ್ ಕಣ್ರೇ ಅದು!" ಎಂದು ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಮಗೆ ನಗು ಉಕ್ಕಿತು. ತೊಂಡೇಬಾವಿಯವಳು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಆಗಲೇ ಅವಳಮ್ಮನ ಫೋನ್ ಬಂತು. ಅವಳ ಕೈತುಂಬ ಮತ್ತೆ ಹುಳು ಇದ್ದದ್ದರಿಂದ ನಾನೇ ಸ್ಪೀಕರಿಗೆ ಹಾಕಿದೆ.

"ಊಟ ಆಯ್ತೇನಮ್ಮ?"

ಅವಳು ಫೋನಿನ ಕಡೆ ಬಗ್ಗಿದಳು.

"ಇಲ್ಲಮ್ಮ. ಎಷ್ಟೋ ದಿನದಿಂದ ಸರಿಯಾಗಿ ಮಾಡೇ ಇಲ್ಲ. ದಿನಾ ಸುಳ್ಳು ಹೇಳ್ತಿದ್ದೆ. ಇವತ್ತು ಹಸಿವಾಗ್ತೈತೆ."

ಆ ಕಡೆ ಮೂಗು ಒರೆಸಿಕೊಂಡ ಸದ್ದು. "ನಿನ್ನ ದನಿ ನಂಗೆ ಗೊತ್ತಾಗಲ್ವಾ ಕಣಮ್ಮ? ಹೋಗಿ ಉಣ್ಣು. ಫೋನ್ ಇಡ್ಬೇಡ, ನೀನು ತಿನ್ನೋದು ಕೇಳಿಸ್ಕೊಂತೀನಿ."

ಬಿಸಿ ಮುದ್ದೆ, ಸಾರು ಬಂತು. ಅವಳು ಒಂದು ತುತ್ತು ನುಂಗಿದಳು, ಇನ್ನೊಂದು ನುಂಗಿದಳು.

"ಏನೂ ಕೇಳಿಸ್ತಿಲ್ವಲ್ಲೇ" ಎಂದಿತು ಫೋನು, ಗಾಬರಿಯಿಂದ.

ಮುದ್ದೆ ನುಂಗಿದರೆ ಸದ್ದೆಲ್ಲಿಂದ ಬರಬೇಕು? ಚಿಂತಾಮಣಿಯವಳು ಅಡುಗೆಮನೆಗೆ ಓಡಿ ಒಂದು ಈರುಳ್ಳಿ ಗುದ್ದಿ ತಂದು ಅವಳ ಕೈಗಿಟ್ಟಳು. ಅವಳು ಫೋನಿನ ಹತ್ತಿರ ಬಾಯಿ ತಂದು ಕರಂ ಎಂದು ಕಡಿದಳು.

"ಹಾಂ, ಈಗ ಕೇಳಿಸ್ತು" ಎಂದರು ಅವಳಮ್ಮ. "ಇನ್ನೊಂದ್ಸಲ ಕಡಿ ಕಂದ."