ಹೂಬಳ್ಳಿಯೊಳಗಿನ ಮೀಸೆ

ಠಪ್. ಸರ್ರ್. ಠಪ್. ಸರ್ರ್.

ನಮ್ಮ ಹಿತ್ತಲ ಗೋಡೆಯ ಆಚೆ ಹಾಸಿಗೆಯ ಬಟ್ಟೆಗಳಿಗೆ ಬಣ್ಣದ ಅಚ್ಚು ಹಾಕುವ ಕಾರ್ಖಾನೆಯಿದೆ. ಮರದ ಚೌಕಟ್ಟು ಬಟ್ಟೆಯ ಮೇಲೆ ಕೂತರೆ ಠಪ್. ರಬ್ಬರಿನ ಪಟ್ಟಿ ಬಣ್ಣವನ್ನು ಎಳೆದುಕೊಂಡು ಹೋದರೆ ಸರ್ರ್. ಬೆಳಗ್ಗೆ ಈ ಸದ್ದು ಶುರುವಾಯಿತೆಂದರೆ ಚಿಕ್ಕಮ್ಮ ತಲೆ ಬಾಚುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿ ಕಿವಿಗೊಡುತ್ತಾಳೆ. ಆ ಚೌಕಟ್ಟುಗಳೊಳಗಿನ ಹೂವು, ಎಲೆ, ಹಕ್ಕಿ, ಬಳ್ಳಿಗಳೆಲ್ಲ ಅವಳು ಬಿಡಿಸಿದವು.

ಚಿಕ್ಕಮ್ಮ ಅಮ್ಮನ ತಂಗಿ, ನಮ್ಮ ಜೊತೆಗೇ ಇದ್ದಾಳೆ. ಮನೆಗೆ ಯಾರಾದರೂ ಬಂದರೆ ಅಡುಗೆಮನೆ ಸೇರುತ್ತಾಳೆ. ಬಂದವರು ಅಡುಗೆಮನೆಗೂ ಬಂದರೆ ಹಿತ್ತಲಿಗೆ ಹೋಗುತ್ತಾಳೆ. "ಹಿತ್ತಲಿಗೂ ಬಂದ್ರೆ ಏನೇ ಮಾಡ್ತೀಯಾ, ಗೋಡೆ ಹಾರ್ತೀಯಾ?" ಎಂದು ಅಮ್ಮ ಕೇಳುತ್ತಾಳೆ. ಬೀದಿಯಲ್ಲಿ ಪರಿಚಯದವರು ಎದುರಾದರೆ ಚಿಕ್ಕಮ್ಮ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಾಳೆ, ಅವರು ದಾಟುವ ತನಕ ಚಪ್ಪಲಿ ಸರಿಹೋಗುವುದಿಲ್ಲ. ಅಂಗಡಿಯಲ್ಲಿ ಬೇರೆ ಸೋಪು ಕೊಟ್ಟರೆ ಅದನ್ನೇ ಹಿಡಿದುಕೊಂಡು ಬರುತ್ತಾಳೆ. ಕಾರ್ಖಾನೆಯಲ್ಲಿ ಅವಳಿಗೆ ಮೌನಗೌರಿ ಎಂದು ಹೆಸರು. ಇದು ಬರಿಯ ನಾಚಿಕೆಯಲ್ಲ, ಭಯ. ನಾಲ್ಕು ಜನ ತಿರುಗಿ ನೋಡಿದರೆ ಅಂಗೈ ಒದ್ದೆಯಾಗುತ್ತದೆ ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದಳು.

ಅದೇ ಕೈ ಕಾಗದದ ಮೇಲೆ ನಡುಗುವುದಿಲ್ಲ. ಕಾರ್ಖಾನೆಯ ಮಹಡಿಯಲ್ಲಿ, ಕಬ್ಬಿಣದ ಮೆಟ್ಟಿಲು ಹತ್ತಿದರೆ, ಡಿಸೈನ್ ರೂಮು. ಅಡಿಯಲ್ಲಿ ಟ್ಯೂಬ್‌ಲೈಟ್ ಉರಿಯುವ ಗಾಜಿನ ಮೇಜು. ಅದರ ಮೇಲೆ ತೆಳುವಾದ ಹಾಳೆಗಳು, ಒಂದೊಂದು ಬಣ್ಣಕ್ಕೆ ಒಂದೊಂದು ಹಾಳೆ. ಕೆಳಗಿನಿಂದ ಬರುವ ಬೆಳಕಿನಲ್ಲಿ ಅವಳ ಮುಖ ನೀರಿನ ಮೇಲೆ ಬಗ್ಗಿದವರ ಮುಖದಂತೆ ಕಾಣುತ್ತದೆ.

ಕಿಟಕಿಯ ಪಕ್ಕದ ಮೇಜು ಡಿಸೈನ್ ಮಾಸ್ಟರ್‌ದು. ಒಂದು ಕಾಲಕ್ಕೆ ಅವರೂ ಬಿಡಿಸುತ್ತಿದ್ದರಂತೆ. ಈಗ ಚಿಕ್ಕಮ್ಮ ಮುಗಿಸಿದ ಹಾಳೆಯ ಮೂಲೆಯಲ್ಲಿ ತಮ್ಮ ಸಹಿ ಹಾಕಿ ಕೆಳಗೆ ಕಳಿಸುವುದೇ ಅವರ ಕೆಲಸ. ಸೊಂಪಾದ ಮೀಸೆ, ಅಗಲವಾದ ಹಣೆ, ಮುಂದಿನ ಎರಡು ಹಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದು. ನಗುವಾಗ ಬಾಯಿ ಪೂರ್ತಿ ತೆರೆಯುತ್ತಾರೆ. ವ್ಯಾಪಾರಿಗಳು ಬಂದರೆ ಬಟ್ಟೆಯ ಮೇಲೆ ಕೈಯಾಡಿಸುತ್ತ, "ಈ ಬಳ್ಳಿ ನನಗೆ ಕನಸಲ್ಲಿ ಬಂತು ನೋಡಿ," ಎನ್ನುತ್ತಾರೆ. ಚಿಕ್ಕಮ್ಮ ಅಲ್ಲೇ ಪೆನ್ಸಿಲ್ ಹೆರೆಯುತ್ತಿರುತ್ತಾಳೆ. ಮೊದಮೊದಲು ಅದು ಅವಳಿಗೆ ಉಪಕಾರದಂತೆಯೇ ಕಂಡಿತ್ತು. ಮಾತು ಅವರದು, ಗೆರೆ ತನ್ನದು, ಯಾರೂ ತನ್ನತ್ತ ತಿರುಗಿ ನೋಡುವುದಿಲ್ಲ. ಹಾಗೇ ವರ್ಷಗಳು ಕಳೆದವು.

ಈ ಸಲ ಮಾಲೀಕಮ್ಮ ಹೊಸದೊಂದು ಆಜ್ಞೆ ಹೊರಡಿಸಿದರು. ಇನ್ನುಮೇಲೆ ಪ್ರತಿ ಬಟ್ಟೆಯ ಅಂಚಿನುದ್ದಕ್ಕೂ ಸಣ್ಣ ಅಕ್ಷರಗಳಲ್ಲಿ ಬಿಡಿಸಿದವರ ಹೆಸರು ಅಚ್ಚಾಗಬೇಕು.

ಅದನ್ನು ಕೇಳಿದ ಸಂಜೆ ಚಿಕ್ಕಮ್ಮನ ನಡಿಗೆಯೇ ಬೇರೆಯಾಗಿತ್ತು. ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಒಂದೇ ವಾಕ್ಯವನ್ನು ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದಳು. "ಸಾರ್, ಅಂಚಲ್ಲಿ ನನ್ನ ಹೆಸರೂ ಇರ್ಲಿ." ಒಮ್ಮೆ ಮೆಲ್ಲಗೆ, ಒಮ್ಮೆ ಸಿಟ್ಟಿನಿಂದ, ಒಮ್ಮೆ ನಗುತ್ತ. ಅವಳಿಗೆ ಬೇಕಿದ್ದದ್ದು ಅಷ್ಟೇ.

ಮಾರನೆಯ ದಿನ ಹೇಳಿಯೂ ಬಿಟ್ಟಳು. ಮಾಸ್ಟರ್ ಮೊದಲು ಅರ್ಥವಾಗದವರಂತೆ ನೋಡಿದರು. ಆಮೇಲೆ ಬಾಯಿ ಪೂರ್ತಿ ತೆರೆದು ನಕ್ಕರು.

"ಹೆಸರು ಹಾಕಿದ್ರೆ ಜನ ನಿನ್ನ ನೋಡೋಕೆ ಬರ್ತಾರಮ್ಮ. ಬಂದ್ರೆ ಏನ್ಮಾಡ್ತೀಯಾ? ಮೇಜಿನ ಕೆಳಗೆ ಕೂತ್ಕೊಳ್ತೀಯಾ?"

ಬಣ್ಣದ ಡಬ್ಬ ತಂದಿದ್ದವರು, ಚೌಕಟ್ಟು ಒಯ್ಯಲು ಬಂದವರು ಎಲ್ಲರೂ ನಕ್ಕರು.

"ನಿನ್ನ ಭಯಾನ ಇಷ್ಟು ವರ್ಷ ನಾನು ಹೊತ್ಕೊಂಡು ತಿರುಗಿದೀನಿ. ಕೂಲಿ ಕೊಡ್ಬೇಕು ನೀನು ನನಗೆ."

ಆ ವಾರವೇ ಅಂಚಿಗೆ ಹಾಕುವ ಅಚ್ಚು ತಯಾರಾಯಿತು. ಅದರಲ್ಲಿದ್ದದ್ದು ಅವರೊಬ್ಬರ ಹೆಸರು.

ಚಿಕ್ಕಮ್ಮ ಅಳಲಿಲ್ಲ. ಊಟ ಮಾಡಿದಳು, ಪಾತ್ರೆ ತೊಳೆದಳು. "ಹೋಗ್ಲಿ ಬಿಡೇ, ಹೊಟ್ಟೆಗೆ ಹಾಕ್ಕೋ," ಎಂದಳು ಅಮ್ಮ. ಚಿಕ್ಕಮ್ಮ "ಹೂಂ" ಎಂದಳು. ಅವಳ ಹೂಂಗಳಲ್ಲಿ ಹಲವು ಬಗೆಯಿವೆ. ಇದನ್ನು ನಾನು ಮೊದಲು ಕೇಳಿರಲಿಲ್ಲ.

ಮರುದಿನದಿಂದ ಮಾಸ್ಟರ್ ಕಡೆಗೆ ನೋಡತೊಡಗಿದಳು. ಮಾತಾಡುವಾಗ ಯಾರ ಮುಖವನ್ನೂ ನೋಡದವಳು ಈಗ ಹಾಳೆಯ ಮೇಲಿಂದ ಕಣ್ಣೆತ್ತಿ ಅವರನ್ನು ಸಾವಕಾಶವಾಗಿ ಅಳೆಯುತ್ತಿದ್ದಳು. ಮೀಸೆ ಎಲ್ಲಿ ತಿರುಗುತ್ತದೆ, ಹಣೆ ಎಲ್ಲಿ ಮುಗಿಯುತ್ತದೆ, ನಗುವಾಗ ಕೆನ್ನೆ ಕಣ್ಣನ್ನು ಎಷ್ಟು ಮೇಲೆ ತಳ್ಳುತ್ತದೆ. "ಏನಮ್ಮ, ಈಗೀಗ ಮುಖ ನೋಡೋಕೆ ಧೈರ್ಯ ಬಂದಿದೆ," ಎಂದು ಅವರು ಖುಷಿಪಟ್ಟರಂತೆ.

ಆಗ ಬಿಡಿಸಿದ್ದು ಒಂದು ದೊಡ್ಡ ಹೂವಿನ ಬಳ್ಳಿ. ಹಾಳೆಯ ನಡುವೆ ಅರಳಿದ ಹೂವು. ಎಡ ಅಂಚಿನಲ್ಲಿ ಒಂದು ಬಾಗಿದ ಎಲೆ, ಅರ್ಧ ಎಸಳು, ಅರ್ಧ ಒಡೆದ ಕಾಯಿ, ಕಾಯೊಳಗೆ ಒಂದು ಬಿಳಿಯ ಬೀಜ. ಬಲ ಅಂಚಿನಲ್ಲೂ ಹಾಗೇ ಒಂದು ಎಲೆ, ಅರ್ಧ ಎಸಳು, ಅರ್ಧ ಕಾಯಿ, ಒಂದು ಬೀಜ. ಒಂದೇ ಹಾಳೆಯಾಗಿ ನೋಡಿದರೆ ಬಲು ಚಂದ. ಮಾಸ್ಟರ್ ಕಾಫಿ ಹೀರುತ್ತ, "ಬೀಜ ಚೆನ್ನಾಗಿ ಬಂದಿದೆ," ಎಂದು ಮೂಲೆಯಲ್ಲಿ ಸಹಿ ಗೀಚಿದರು. ಕೆಳಗಿನ ಮೇಜುಗಳ ಹತ್ತಿರ ಹೋಗಿ ಅಚ್ಚು ನೋಡುವ ಅಭ್ಯಾಸ ಅವರಿಗೆ ಎಂದೋ ತಪ್ಪಿಹೋಗಿತ್ತು.

ಆದರೆ ಬಟ್ಟೆಯ ಮೇಲೆ ಚೌಕಟ್ಟು ಒಂದೇ ಸಲ ಕೂರುವುದಿಲ್ಲ. ಒಂದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ಒಂದು ಅಚ್ಚಿನ ಬಲ ಅಂಚು ಮುಂದಿನ ಅಚ್ಚಿನ ಎಡ ಅಂಚಿಗೆ ಕೂಡಿದಾಗ ಎರಡು ಎಲೆ ಸೇರಿ ಮೀಸೆಯಾಯಿತು. ಎರಡು ಅರ್ಧ ಎಸಳು ಸೇರಿ ಅಗಲವಾದ ಹಣೆಯಾಯಿತು. ಒಡೆದ ಕಾಯಿ ತೆರೆದ ಬಾಯಾಯಿತು, ಅದರಲ್ಲಿ ಸಂದು ಬಿಟ್ಟ ಎರಡು ಹಲ್ಲು.

ಅದನ್ನು ಮೊದಲು ಕಂಡವರು ಅಚ್ಚು ಹಾಕುವ ಮೇಸ್ತ್ರಿ. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತರಂತೆ.

"ಅಕ್ಕಾ, ಆ ಹೂವು..."

"ಏನಣ್ಣ?"

"ಏನಿಲ್ಲ. ಬಲು ಚೆನ್ನಾಗಿದೆ. ಬೇಗ ಬೇಗ ಮುಗಿಸ್ತೀನಿ."

ಮಾಸ್ಟರ್ ಬಯ್ಯದ ಕೆಲಸಗಾರ ಆ ಕಾರ್ಖಾನೆಯಲ್ಲಿ ಇರಲಿಲ್ಲ. ಮೇಜುಗಳ ಹತ್ತಿರದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು.

ವ್ಯಾಪಾರಿಗಳು ಬಂದ ದಿನದ ಕತೆಯನ್ನು ಮೇಸ್ತ್ರಿ ನಮ್ಮ ಮನೆಗೇ ಬಂದು, ನಿಂತು, ಅಭಿನಯಿಸಿ ಹೇಳಿದರು. ಉದ್ದನೆಯ ಹಾಲ್‌ನಲ್ಲಿ ಹೊಸ ಬಟ್ಟೆಗಳನ್ನು ಸೂರಿನಿಂದ ನೆಲದವರೆಗೆ ಇಳಿಬಿಟ್ಟಿದ್ದರು. ಮಾಸ್ಟರ್ ಬಟ್ಟೆಗೆ ಬೆನ್ನು ಮಾಡಿ, ಜನರಿಗೆ ಮುಖ ಮಾಡಿ ನಿಂತು, "ಇದು ನನ್ನ ಕೈಯಿಂದ ಈವರೆಗೆ ಬಂದದ್ದರಲ್ಲೇ ಶ್ರೇಷ್ಠವಾದದ್ದು," ಎಂದು ಶುರುಮಾಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬ ವ್ಯಾಪಾರಿ ಬಟ್ಟೆಯನ್ನು ನೋಡಿದ, ಮಾಸ್ಟರನ್ನು ನೋಡಿದ, ಮತ್ತೆ ಬಟ್ಟೆಯನ್ನು ನೋಡಿದ. ಆಮೇಲೆ ಹಾಲ್‌ಗೆ ಹಾಲೇ ನಕ್ಕಿತು.

ಮಾಸ್ಟರ್ ತಿರುಗಿದರು. ಸೂರಿನಿಂದ ನೆಲದವರೆಗೆ, ಸಾಲುಸಾಲಾಗಿ, ಬಾಯಿ ತೆರೆದು ಅವರೇ ನಗುತ್ತಿದ್ದರು.

"ಇದು ನಾನು ಬಿಡಿಸಿದ್ದಲ್ಲ!"

"ಅಂಚಲ್ಲಿ ನಿಮ್ಮ ಹೆಸರಿದೆಯಲ್ರೀ," ಎಂದರು ಮಾಲೀಕಮ್ಮ.

"ಅವಳು! ಆ ಮೌನಗೌರಿ ಬಿಡಿಸಿದ್ದು!"

"ಇದೊಂದೇನಾ? ಹೋದ ವರ್ಷದ ಬೆಳ್ಳಕ್ಕಿ ಯಾರು ಬಿಡಿಸಿದ್ದು? ಅದಕ್ಕೂ ಮೊದಲಿನ ಮೊಗ್ಗಿನ ಬಳ್ಳಿ?"

ಮಾಸ್ಟರ್ ಬಾಯಿ ಮುಚ್ಚಿತು. ಬಟ್ಟೆಯ ಮೇಲಿನವು ಮುಚ್ಚಲಿಲ್ಲ.

ಮಾಲೀಕಮ್ಮ ಚಿಕ್ಕಮ್ಮನನ್ನು ಮುಂದೆ ಕರೆದರು. ಅಷ್ಟು ಜನರ ನಡುವೆ ಹಾದು ಬರುವಾಗ ಅವಳು ಗೋಡೆ ಹಿಡಿದುಕೊಂಡು ಬಂದಳು ಎಂದು ಮೇಸ್ತ್ರಿ ಹೇಳುವಾಗ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಬಟ್ಟೆ ಮೇಲೆ ನಿನ್ನ ಹಗೆ ತೀರಿಸ್ಕೊಂಡ್ಯಾ?" ಎಂದು ಮಾಲೀಕಮ್ಮ ಕೇಳಿದರು. "ಇಷ್ಟು ಬಟ್ಟೆ ಹಾಳಾಯ್ತು. ಇವತ್ತೇ ಕೆಲಸದಿಂದ ತೆಗೀಬೇಕು ನಿನ್ನ."

"ಹಾಳು ಯಾಕಮ್ಮ," ಎಂದು ಆ ವ್ಯಾಪಾರಿ ಕಣ್ಣೊರೆಸಿಕೊಳ್ಳುತ್ತ ಎದ್ದ. ಅವನ ಕಣ್ಣಲ್ಲಿದ್ದದ್ದು ನಗುವಿನ ನೀರು. "ಇದ್ದಷ್ಟೂ ನನಗೇ ಕೊಡಿ. ಜನ ನಕ್ಕೊಂಡು ಕೊಳ್ತಾರೆ. ಇನ್ನೂ ಹಾಕ್ಸಿ."

ಮಾಲೀಕಮ್ಮ ಬಟ್ಟೆಯ ಅಂಚನ್ನು ಎತ್ತಿ ಅಲ್ಲಿದ್ದ ಹೆಸರು ಓದಿದರು. ಆಮೇಲೆ, "ನಿನ್ನ ಹೆಸರೇನು?" ಎಂದು ಕೇಳಿದರು.

ಇಷ್ಟು ವರ್ಷ ತಮ್ಮ ಕೆಳಗೆ ದುಡಿದವಳ ಹೆಸರು ಅವರಿಗೆ ಗೊತ್ತಿರಲಿಲ್ಲ. ಚಿಕ್ಕಮ್ಮ ಹೇಳಿದಳು. ಕೇಳಿಸಲಿಲ್ಲ. "ಜೋರಾಗಿ," ಎಂದರು. ಅವಳು ಇನ್ನೊಮ್ಮೆ ಹೇಳಿದಳು, ಈ ಸಲ ಮಾಸ್ಟರ್ ಕಡೆ ತಿರುಗಿ, ಅವರ ಮುಖಕ್ಕೇ. ಅಂಚಿನ ಅಚ್ಚು ಬದಲಾಯಿಸಲು ಮಾಲೀಕಮ್ಮ ಅಲ್ಲೇ ಹೇಳಿದರು.

"ಆಗ ಏನನ್ನಿಸ್ತು ಚಿಕ್ಕಮ್ಮ?" ಎಂದು ಮೇಸ್ತ್ರಿ ಹೋದ ಮೇಲೆ ಕೇಳಿದೆ.

"ಎಡಗಡೆ ಮೀಸೆ ಇನ್ನೂ ಸ್ವಲ್ಪ ಕೆಳಗೆ ಬರಬೇಕಿತ್ತು ಅನ್ನಿಸ್ತು."

ಊರಿನ ಬಟ್ಟೆ ಅಂಗಡಿಗಳಲ್ಲೂ ಆ ಹಾಸು ಬಂತು. ಮಹಡಿಗಳಿಂದ, ತಂತಿಗಳ ಮೇಲಿಂದ ಮಾಸ್ಟರ್ ಬೀದಿ ನೋಡಿ ನಗತೊಡಗಿದರು. ಪಕ್ಕದ ಮನೆಯವರು ಹಾಸು ಹಳೆಯದಾದ ಕೂಡಲೇ ಅದನ್ನು ಕಾಲೊರೆಸಲು ಇಟ್ಟುಕೊಂಡರು. "ಪಾಪ ಕಣೇ," ಎಂದಳು ಅಮ್ಮ. "ಪಾಪವಂತೆ," ಎಂದಳು ಚಿಕ್ಕಮ್ಮ. ಈಗಲೂ ಯಾರಾದರೂ ಬಂದರೆ ಅವಳು ಅಡುಗೆಮನೆಯನ್ನೇ ಸೇರುತ್ತಾಳೆ, ಆ ಭಯ ಎಲ್ಲಿಗೂ ಹೋಗಿಲ್ಲ. ಒಬ್ಬರ ಎದುರು ಮಾತ್ರ ಅದು ಬರುವುದಿಲ್ಲ.

ಮೊನ್ನೆ ಊಟದ ಡಬ್ಬಿ ಮರೆತು ಹೋಗಿದ್ದಳು, ಕೊಡಲು ನಾನು ಹೋದೆ. ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಮಾಸ್ಟರ್ ಅವಳನ್ನು ತಡೆದು ನಿಲ್ಲಿಸಿದ್ದರು. ಮೀಸೆ ಬೋಳಿಸಿದ್ದರು. ಮಾತಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

"ತಪ್ಪಾಯ್ತಮ್ಮ. ಇನ್ನು ಅಚ್ಚು ಹಾಕೋದು ಬೇಡ ಅಂತ ಮಾಲೀಕಮ್ಮಂಗೆ ನೀನೇ ಹೇಳು. ನೀನು ಹೇಳಿದ್ರೆ ಕೇಳ್ತಾರೆ." "ನನ್ನ ಮೊಮ್ಮಗಳು ಕೇಳ್ತಾಳೆ, ತಾತ, ಎಲ್ಲರೂ ಯಾಕೆ ನಿನ್ನ ಮೇಲೆ ಮಲಗ್ತಾರೆ ಅಂತ."

ಚಿಕ್ಕಮ್ಮ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. ಅವರನ್ನೇ ನೋಡುತ್ತ ನಿಂತಳು. ಕರಗಿದಳೆಂದು ನಾನು ಎಣಿಸಿದೆ.

"ಸಾರ್, ಸ್ವಲ್ಪ ಆ ಕಡೆ ತಿರುಗಿ," ಎಂದಳು. ಅವರು ಯಾಕೆಂದು ತಿಳಿಯದೆ ತಿರುಗಿದರು. "ಹಾಸಿಗೆಗಾಯ್ತು, ಈಗ ದಿಂಬಿನ ಕವರಿಗೂ ಬೇಕಂತೆ. ದಿಂಬು ಚಿಕ್ಕದು ನೋಡಿ, ಎದುರಿನ ಮುಖ ಪೂರ್ತಿ ಹಿಡಿಸಲ್ಲ. ಪಕ್ಕದಿಂದ ಬಿಡಿಸಿದ್ರೆ ಮೂಗು ಸರಿಯಾಗಿ ಮೂಲೆಗೆ ಬರುತ್ತೆ, ಮೀಸೆ ಇಲ್ಲದಿದ್ರೂ ಗುರುತು ಸಿಗೋ ಹಾಗೆ ಆ ಗಲ್ಲಾನ—" ಎನ್ನುತ್ತಲೇ ಮೆಟ್ಟಿಲು ಹತ್ತಿ ಹೊರಟುಹೋದಳು.